ತುಂಗಭದ್ರೆಯ ಎಡದಂಡೆ: ನೀರು ಬಂದ ನಾಡಿನ ಸ್ಥಿತ್ಯಂತರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿಕೊಂಡಿರುವ ರಾಯಚೂರು ದೋಆಬ್ ಪ್ರದೇಶವು ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಅವರ ಅನಂತರ ಬಿಜಾಪುರದ ಆದಿಲಶಾಹಿಗಳೂ ಈ ನೆಲಕ್ಕಾಗಿ ತಲೆಮಾರುಗಳ ಕಾಲ ಹೋರಾಡಿದರು. ಅರಸೊತ್ತಿಗೆಗಳ ಕಣ್ಣಿಗೆ ಇಷ್ಟು ಬೆಲೆಯುಳ್ಳದ್ದಾಗಿ ಕಂಡ ಈ ಭೂಮಿ ಅದನ್ನು ಉತ್ತು ಬಿತ್ತುವ ಒಕ್ಕಲಿಗನ ಪಾಲಿಗೆ ಮಾತ್ರ ಬರದ ನಾಡಾಗಿಯೇ ಉಳಿದುಬಂದಿತು. ಎಡಬಲಗಳಲ್ಲಿ ಎರಡು ಮಹಾನದಿಗಳು ಹರಿಯುತ್ತಿದ್ದರೂ ಅವುಗಳ ಪಾತ್ರ ಆಳದಲ್ಲಿತ್ತು, ಹೊಲಗಳು ಎತ್ತರದಲ್ಲಿದ್ದವು. ವರ್ಷಕ್ಕೆ ಸುಮಾರು 600 ಮಿಲಿಮೀಟರುಗಳಷ್ಟು ಬೀಳುವ ಮಳೆಯೇ ಜನರ ಆಧಾರ. ಆ ಮಳೆಯೂ ಕಾಲಕ್ಕೆ ಸರಿಯಾಗಿ ಬರುವುದೆಂಬ ಭರವಸೆಯಿರಲಿಲ್ಲ.

ಇಂತಹ ಪ್ರದೇಶಕ್ಕೆ 1953ರಲ್ಲಿ ಕಾಲುವೆಯ ನೀರು ಬಂದಿತು. ಅಂದಿನಿಂದ ಇಂದಿನವರೆಗಿನ ಏಳು ದಶಕಗಳಲ್ಲಿ ಇಲ್ಲಿಯ ಬೆಳೆ, ಊಟ, ಭೂಮಿಯ ಒಡೆತನ, ಕೂಲಿಯ ರೀತಿ, ಪಟ್ಟಣಗಳ ಸ್ವರೂಪ, ಕೊನೆಗೆ ಆಡುವ ಮಾತು ಕೂಡ ಬದಲಾಗಿವೆ. ಹಿಂದುಳಿದ ಪ್ರದೇಶವೊಂದು ಅಭಿವೃದ್ಧಿಯ ಹಾದಿ ಹಿಡಿದಾಗ ಏನೇನು ಸಂಭವಿಸುತ್ತದೆ ಎಂಬುದನ್ನು ಗ್ರಂಥಗಳಿಂದಲ್ಲದೆ ಕಣ್ಣಾರೆ ಕಂಡು ತಿಳಿಯಬೇಕೆನ್ನುವವರಿಗೆ ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟು ಒಂದು ಉತ್ತಮ ನಿದರ್ಶನ. ಆ ಸ್ಥಿತ್ಯಂತರದ ಸ್ವರೂಪವನ್ನು ಸಂಕ್ಷೇಪವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಯೋಜನೆಯ ಹಿನ್ನೆಲೆ

ತುಂಗಭದ್ರೆಯ ನೀರನ್ನು ಹೊಲಗಳಿಗೆ ಹಾಯಿಸುವ ವಿಚಾರ ಹೊಸದೇನೂ ಅಲ್ಲ. ವಿಜಯನಗರದ ಅರಸರು ನದಿಗೆ ಅಡ್ಡಲಾಗಿ ಒಡ್ಡುಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಯಿಸಿದ್ದರು. ತುರ್ತಾ ಕಾಲುವೆ, ಬಸವಣ್ಣ ಕಾಲುವೆ ಮೊದಲಾದವು ಇಂದಿಗೂ ಹೊಸಪೇಟೆ ಮತ್ತು ಹಂಪೆಯ ಸುತ್ತಲಿನ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಆದರೆ ಅವು ನದಿಯ ದಂಡೆಗೆ ಸಮೀಪದ ನೆಲವನ್ನು ಮಾತ್ರ ತಣಿಸಬಲ್ಲವಾಗಿದ್ದವು. ಒಳನಾಡಿನ ಎರೆಭೂಮಿಗೆ ನೀರು ಮುಟ್ಟಬೇಕಾದರೆ ನದಿಯನ್ನೇ ಎತ್ತರದಲ್ಲಿ ತಡೆದು ನಿಲ್ಲಿಸಬೇಕಾಗಿತ್ತು. ಗೋದಾವರಿ ಆಣೆಕಟ್ಟಿನ ನಿರ್ಮಾತೃವೆಂದು ಪ್ರಸಿದ್ಧನಾದ ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಇಂತಹ ಯೋಜನೆಯೊಂದನ್ನು ಸೂಚಿಸಿದ್ದನು. ಅದು ಕಾಗದದ ಮೇಲೆಯೇ ಉಳಿಯಿತು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಭಾರತವನ್ನು ವ್ಯಾಪಿಸಿದ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಬಹುವಾಗಿ ಪೀಡಿಸಿತು. ಆ ಬಳಿಕ ಬರಪರಿಹಾರಕ್ಕೆ ನೀರಾವರಿಯೇ ಶಾಶ್ವತ ಮಾರ್ಗವೆಂಬ ಮಾತು ಮತ್ತೆ ಮತ್ತೆ ಕೇಳಿಬಂದರೂ ನದಿಯ ಒಂದು ದಂಡೆ ಮದರಾಸು ಸರ್ಕಾರಕ್ಕೂ ಇನ್ನೊಂದು ದಂಡೆ ಹೈದರಾಬಾದಿನ ನಿಜಾಮರಿಗೂ ಸೇರಿದ್ದುದರಿಂದ ಒಪ್ಪಂದ ಕುದುರುವುದು ತಡವಾಯಿತು. ಕೊನೆಗೆ 1944ರಲ್ಲಿ ಎರಡು ಸರ್ಕಾರಗಳ ನಡುವೆ ಒಡಂಬಡಿಕೆಯಾಗಿ, 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆ ನೆರವೇರಿತು.

ಕೆಲಸ ನಡೆಯುತ್ತಿರುವಾಗಲೇ ದೇಶ ಸ್ವತಂತ್ರವಾಯಿತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಸುರ್ಕಿ ಗಾರೆಯಿಂದ ಕಲ್ಲುಗಳನ್ನು ಬೆಸೆದು ಕಟ್ಟಿದ, 33 ಬಾಗಿಲುಗಳುಳ್ಳ ಈ ಅಣೆಕಟ್ಟಿನಿಂದ 1953ರ ಜುಲೈಯಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕಟ್ಟಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿಗಳು ಎಂದು ತಿಳಿದರೆ ಈ ಜಲರಾಶಿಯ ಪ್ರಮಾಣ ವಾಚಕರ ಮನಸ್ಸಿಗೆ ಬಂದೀತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರುಗಳಷ್ಟು ಉದ್ದವಾಗಿ, ಇಂದಿನ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 6 ಲಕ್ಷ ಎಕರೆ ಭೂಮಿಗೆ ನೀರೊದಗಿಸಬೇಕೆಂದು ನಿಯೋಜಿತವಾಗಿತ್ತು.

ನೀರು ಬಂದವರ ಕಥೆಯೊಂದಿಗೆ ನೀರಿಗೆ ಊರು ಕೊಟ್ಟವರ ಕಥೆಯನ್ನೂ ನೆನೆಯಬೇಕು. ಜಲಾಶಯದ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮುಳುಗಿದವು. ಅವುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮರಿಯಮ್ಮನಹಳ್ಳಿ ಮುಂದೆ ರಂಗಭೂಮಿಯ ಕಲಾವಿದರ ಊರೆಂದು ಹೆಸರಾದುದನ್ನು ಕನ್ನಡ ನಾಟಕಾಸಕ್ತರು ಬಲ್ಲರು.

ಮೂಲ ಸಂಕಲ್ಪ

ಈ ಕಾಲುವೆಯನ್ನು ಯಾವ ಉದ್ದೇಶದಿಂದ ರೂಪಿಸಲಾಗಿತ್ತು ಎಂಬುದನ್ನು ಅರಿಯದೆ ಮುಂದಿನ ಬೆಳವಣಿಗೆಗಳನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಅಧಿಕ ಉತ್ಪನ್ನವನ್ನು ಪಡೆಯುವುದು ಮೂಲ ಯೋಜಕರ ಪ್ರಧಾನ ಗುರಿಯಾಗಿರಲಿಲ್ಲ. ಕ್ಷಾಮದಿಂದ ಆದಷ್ಟು ಹೆಚ್ಚು ಜನರನ್ನು ರಕ್ಷಿಸಬೇಕೆಂಬುದು ಅವರ ಆಶಯವಾಗಿತ್ತು. ಆದ್ದರಿಂದ ಇರುವ ನೀರನ್ನು ತೆಳುವಾಗಿ, ಆದರೆ ವಿಶಾಲವಾಗಿ ಹರಡುವ ಕ್ರಮವನ್ನು ಅನುಸರಿಸಲಾಯಿತು. ಜೋಳ, ಹತ್ತಿ, ಶೇಂಗಾ ಮುಂತಾದ ಅಲ್ಪ ನೀರು ಬೇಡುವ ಬೆಳೆಗಳಿಗೆ ಮಳೆ ಕೈಕೊಟ್ಟಾಗ ಒಂದೆರಡು ಸಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಬೆಳೆ ಉಳಿದರೆ ಒಕ್ಕಲಿಗ ಊರು ಬಿಡುವುದಿಲ್ಲ. ಇದು ಆ ಕ್ರಮದ ತಿರುಳು. ಯಾವ ಸರ್ವೆ ನಂಬರಿನ ಹೊಲದಲ್ಲಿ ಯಾವ ಹಂಗಾಮಿನಲ್ಲಿ ಯಾವ ಬಗೆಯ ಬೆಳೆಯನ್ನು ಬೆಳೆಯಬೇಕೆಂದು ಸರ್ಕಾರವೇ ನಿಗದಿಪಡಿಸಿತು. ಭತ್ತಕ್ಕೆ ಮೀಸಲಾದುದು ಅಚ್ಚುಕಟ್ಟಿನ ಅತ್ಯಲ್ಪ ಭಾಗ ಮಾತ್ರ. ಕಾಲುವೆಯ ಅಗಲ, ತೂಬುಗಳ ಅಳತೆ, ಹರಿವಿನ ಲೆಕ್ಕ ಎಲ್ಲವೂ ಈ ನಿಗದಿಯನ್ನೇ ಅವಲಂಬಿಸಿದ್ದವು.

ಈ ಸಂಕಲ್ಪದಲ್ಲಿ ಒಂದು ನ್ಯಾಯವಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರಲ್ಲಿ ಒಂದು ದೌರ್ಬಲ್ಯವೂ ಅಡಗಿತ್ತು. ಎರೆಭೂಮಿಯ ಬೇಸಾಯದಲ್ಲಿ ಪಳಗಿದ ಸ್ಥಳೀಯ ರೈತನಿಗೆ ಕಾಲುವೆಯ ನೀರು ಅಪರಿಚಿತ. ಹೊಲವನ್ನು ಸಮತಟ್ಟು ಮಾಡಲು, ಹೊಲಗಾಲುವೆ ತೆಗೆಯಲು ಹಣ ಬೇಕು. ಆ ಹಣ ಅವನಲ್ಲಿರಲಿಲ್ಲ. ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಅದಕ್ಕೆ ನೀರು ಹಾಯಿಸಿದರೆ ಬೆಳೆ ಕೆಟ್ಟೀತೆಂಬ ಅವನ ಶಂಕೆಯೂ ನಿರಾಧಾರವಾದುದಲ್ಲ. ಹೀಗಾಗಿ ಆರಂಭದ ವರ್ಷಗಳಲ್ಲಿ ಕಾಲುವೆಯಲ್ಲಿ ನೀರಿದ್ದರೂ ಅದನ್ನು ಬಳಸುವವರ ಸಂಖ್ಯೆ ಕಡಿಮೆಯಿತ್ತು.

ವಲಸೆ ಮತ್ತು ಕ್ಯಾಂಪುಗಳು

ಈ ಸಂದರ್ಭದಲ್ಲಿಯೇ ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಮುಖಜ ಪ್ರದೇಶಗಳಿಂದ ರೈತರು ಇಲ್ಲಿಗೆ ಬರತೊಡಗಿದರು. ಅವರ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿಯೇ ಆಣೆಕಟ್ಟುಗಳಾಗಿ, ಕಾಲುವೆಯ ಭತ್ತದ ಬೇಸಾಯ ನೂರು ವರ್ಷಗಳಷ್ಟು ಹಳೆಯದಾಗಿತ್ತು. ಅಲ್ಲಿ ಭೂಮಿಯ ಬೆಲೆ ಏರಿತ್ತು, ಇಲ್ಲಿ ಇನ್ನೂ ಅಗ್ಗವಾಗಿತ್ತು. ಅಲ್ಲಿ ಒಂದೆಕರೆಯನ್ನು ಮಾರಿದವನು ಇಲ್ಲಿ ಹಲವು ಎಕರೆಗಳನ್ನು ಕೊಳ್ಳಬಲ್ಲವನಾಗಿದ್ದನು. ಹೀಗೆ ಬಂದವರು ಹಳೆಯ ಊರುಗಳೊಳಗೆ ಸೇರಿಕೊಳ್ಳದೆ ಕಾಲುವೆಯ ಮಗ್ಗುಲಲ್ಲಿ, ತಮ್ಮ ಹೊಲಗಳ ಸಮೀಪದಲ್ಲಿ ಹೊಸ ವಸತಿಗಳನ್ನು ಕಟ್ಟಿಕೊಂಡರು. ಇವುಗಳಿಗೆ ಜನ ‘ಕ್ಯಾಂಪು’ ಎಂದು ಹೆಸರಿಟ್ಟರು. ತಾತ್ಕಾಲಿಕ ಬಿಡಾರವೆಂಬ ಅರ್ಥದ ಈ ಪದ ಮೂರು ತಲೆಮಾರುಗಳ ಅನಂತರವೂ ಹಾಗೆಯೇ ಉಳಿದುಕೊಂಡಿದೆ. 1970ರ ದಶಕದಲ್ಲಿ ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಪುನರ್ವಸತಿ ಕಲ್ಪಿಸಲಾಗಿ, ಅವರ ವಸತಿಗಳೂ ಕ್ಯಾಂಪುಗಳೆಂದೇ ಕರೆಯಿಸಿಕೊಂಡವು. ಒಂದೇ ತಾಲ್ಲೂಕಿನಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಲಿ ಭಾಷೆಗಳು ಸಂತೆಯ ದಿನ ಒಟ್ಟಿಗೆ ಕೇಳಿಬರುವುದು ಇದರ ಫಲ.

ವಲಸೆ ಬಂದ ರೈತರು ಹೊಲವನ್ನು ಸಮ ಮಾಡಿ ಬದುಗಳನ್ನು ಹಾಕಿ ಭತ್ತದ ನಾಟಿ ಮಾಡಿದರು. ಅವರ ಶ್ರಮವಾಗಲಿ ಕೌಶಲವಾಗಲಿ ಅಲ್ಪವಾದುದಲ್ಲ. ಫಲವನ್ನು ಕಂಡ ಸ್ಥಳೀಯ ರೈತರೂ ಕ್ರಮೇಣ ಅದನ್ನೇ ಅನುಸರಿಸಿದರು. ಗಂಗಾವತಿ, ಕಾರಟಗಿ, ಸಿಂಧನೂರುಗಳ ಸುತ್ತಲಿನ ಪ್ರದೇಶ ‘ಭತ್ತದ ಕಣಜ’ವೆಂಬ ಹೆಸರನ್ನು ಗಳಿಸಿತು. ಇಲ್ಲಿಯ ಸೋನಾ ಮಸೂರಿ ಅಕ್ಕಿ ದೂರದ ನಗರಗಳ ಅಡಿಗೆಮನೆಗಳನ್ನು ತಲುಪಿತು. ಬರವನ್ನು ತಡೆಯಲೆಂದು ಬಂದ ನೀರು ಹೀಗೆ ಸಂಪತ್ತನ್ನು ಸೃಷ್ಟಿಸುವ ನೀರಾಯಿತು.

ಮೇಲ್ಭಾಗ ಮತ್ತು ಕೆಳಭಾಗ

ಆದರೆ ನೀರಿನ ಲೆಕ್ಕ ಬದಲಾಗಿರಲಿಲ್ಲ. ಜೋಳಕ್ಕೆ ಬೇಕಾಗುವ ನೀರಿನ ಎರಡು ಮೂರು ಪಟ್ಟು ನೀರನ್ನು ಭತ್ತ ಬೇಡುತ್ತದೆ. ಗದ್ದೆಯಲ್ಲಿ ನೀರು ಸದಾ ನಿಂತಿರಬೇಕು. ಕಾಲುವೆಯ ಮೇಲ್ಭಾಗದಲ್ಲಿ ನಿಗದಿಗೆ ಮೀರಿ ಭತ್ತವನ್ನು ಹಾಕಿದಾಗ ಆ ಹೆಚ್ಚಿನ ನೀರು ಎಲ್ಲಿಂದ ಬರಬೇಕು? ಕೆಳಭಾಗದ ಹೊಲಗಳ ಪಾಲಿನಿಂದಲೇ ಬರಬೇಕು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ರೈತರು ಅಚ್ಚುಕಟ್ಟುದಾರರೆಂದು ದಾಖಲೆಯಲ್ಲಿ ಹೆಸರು ಪಡೆದರೂ ಹೊಲದಲ್ಲಿ ನೀರು ಕಾಣದಂತಾದರು. ಪ್ರತಿವರ್ಷ ಹಂಗಾಮಿನ ನಡುವೆ ಕೊನೆಯಂಚಿನವರು ರಸ್ತೆಗಿಳಿದು ನೀರಿಗಾಗಿ ಒತ್ತಾಯಿಸುವುದು, ಅಧಿಕಾರಿಗಳು ಮೇಲ್ಭಾಗದ ಅಕ್ರಮ ತೂಬುಗಳನ್ನು ಮುಚ್ಚಿಸಲು ಹೊರಡುವುದು, ಮತ್ತೆ ಅವು ತೆರೆದುಕೊಳ್ಳುವುದು ವಾಡಿಕೆಯಾಗಿ ಹೋಗಿದೆ.

ಈ ಅನ್ಯಾಯಕ್ಕೆ ವಲಸೆಗಾರರೇ ಕಾರಣರೆಂದು ಹೇಳುವವರುಂಟು. ಈ ಅಭಿಪ್ರಾಯ ವಿಚಾರಕ್ಕೆ ನಿಲ್ಲುವುದಿಲ್ಲ. ನಿಗದಿಯನ್ನು ಮೀರಿದವರಲ್ಲಿ ಸ್ಥಳೀಯರೂ ಇದ್ದಾರೆ, ಹೊರಗಿನಿಂದ ಬಂದವರೂ ಇದ್ದಾರೆ. ಭತ್ತಕ್ಕೆ ನಿಶ್ಚಿತವಾದ ಮಾರುಕಟ್ಟೆ, ಬೆಂಬಲ ಬೆಲೆ, ಗಿರಣಿ, ಸಾಲ ಎಲ್ಲವೂ ದೊರೆತವು. ಜೋಳಕ್ಕೆ ಇವಾವುವೂ ಅಷ್ಟಾಗಿ ದೊರೆಯಲಿಲ್ಲ. ಒಂದು ಕೈಯಿಂದ ಜೋಳವನ್ನು ಬೆಳೆಯೆಂದು ಆಜ್ಞಾಪಿಸಿ ಇನ್ನೊಂದು ಕೈಯಿಂದ ಭತ್ತಕ್ಕೆ ಪ್ರೋತ್ಸಾಹವಿತ್ತ ವ್ಯವಸ್ಥೆಯಲ್ಲಿ ರೈತನು ಲಾಭದ ಕಡೆಗೆ ವಾಲಿದುದು ಸಹಜ. ನಿಯಮವನ್ನು ಕಾಗದದಲ್ಲಿ ಬರೆದವರು ಅದನ್ನು ಪಾಲಿಸುವುದು ರೈತನಿಗೆ ಲಾಭಕರವಾಗುವಂತೆ ಮಾಡಲಿಲ್ಲ ಎಂಬುದೇ ಇಲ್ಲಿಯ ಮೂಲ ದೋಷ.

ಮಣ್ಣಿನ ಮೇಲಾದ ಪರಿಣಾಮ

ಕೆಳಭಾಗದಲ್ಲಿ ನೀರಿನ ಅಭಾವ ಒಂದು ಸಂಕಟವಾದರೆ ಮೇಲ್ಭಾಗದಲ್ಲಿ ನೀರಿನ ಆಧಿಕ್ಯ ಇನ್ನೊಂದು ಸಂಕಟ. ಎರೆಮಣ್ಣಿನ ಮೂಲಕ ನೀರು ಸುಲಭವಾಗಿ ಇಳಿದುಹೋಗುವುದಿಲ್ಲ. ವರ್ಷಕ್ಕೆ ಎರಡು ಬೆಳೆಗಳಂತೆ ನೀರು ನಿಲ್ಲಿಸುತ್ತ ಬಂದಾಗ ಭೂಮಿಯೊಳಗಿನ ನೀರಿನ ಮಟ್ಟ ಮೇಲಕ್ಕೆ ಏರುತ್ತದೆ. ಮಣ್ಣಿನಲ್ಲಿರುವ ಲವಣಗಳು ಆ ನೀರಿನಲ್ಲಿ ಕರಗಿ ಮೇಲೆ ಬರುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಹೋದ ಮೇಲೆ ಲವಣ ಮಾತ್ರ ನೆಲದ ಮೇಲೆ ಬಿಳಿಯ ಪೊರೆಯಾಗಿ ಉಳಿಯುತ್ತದೆ. ಇಂತಹ ನೆಲವನ್ನು ಜನ ‘ಸವಳು’ ಎಂದೂ, ನೀರು ಜಿನುಗಿ ಕೆಸರಾಗಿ ನಿಂತ ನೆಲವನ್ನು ‘ಜವಳು’ ಎಂದೂ ಕರೆಯುತ್ತಾರೆ. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಈ ಸಮಸ್ಯೆಯನ್ನು ಕುರಿತು ಬಹುಕಾಲದಿಂದ ಅಧ್ಯಯನ ನಡೆದಿದೆ. ನೆಲದಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ಹೆಚ್ಚಿನ ನೀರನ್ನು ಬಸಿದು ಹೊರಹಾಕಿದರೆ ಸವಳು ಭೂಮಿ ಮರಳಿ ಫಲವತ್ತಾಗುತ್ತದೆ. ಆದರೆ ಈ ಕಾರ್ಯಕ್ಕೆ ವೆಚ್ಚ ಹೆಚ್ಚು. ಅಲ್ಲದೆ ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲವನ್ನು ದಾಟಿಯೇ ಹಳ್ಳವನ್ನು ಸೇರಬೇಕು. ಆದ್ದರಿಂದ ಇದು ಊರೊಟ್ಟಾಗಿ ಮಾಡಬೇಕಾದ ಕೆಲಸವೇ ಹೊರತು ಒಬ್ಬ ರೈತನಿಂದ ಆಗತಕ್ಕದ್ದಲ್ಲ.

ಸಾಮಾಜಿಕ ಪರಿವರ್ತನೆ

ಬೆಳೆ ಬದಲಾದಾಗ ಮನೆಯೊಳಗಿನ ಬಾಳೂ ಬದಲಾಗುತ್ತದೆ. ಹಿಂದೆ ಊರಿನ ಅಂಗಳದಲ್ಲಿ, ಮನೆಯ ಮುಂದೆ ನೆಲವನ್ನು ತೋಡಿ ‘ಹಗೇವು’ಗಳಲ್ಲಿ ಜೋಳವನ್ನು ತುಂಬಿಡುವ ಪದ್ಧತಿಯಿತ್ತು. ಒಂದು ವರ್ಷ ಮಳೆ ಹೋದರೂ ಹಗೇವಿನ ಕಾಳು ಮನೆಯನ್ನು ಕಾಯುತ್ತಿತ್ತು. ‘ನೆಲ್ಲು’ ಮಾತ್ರ ಹಗೇವನ್ನು ಸೇರಲಿಲ್ಲ. ಕಣದಿಂದಲೇ ಗಿರಣಿಗೆ ಹೋಯಿತು. ಬಿತ್ತುವ ಮೊದಲೇ ಗೊಬ್ಬರ, ಔಷಧಿಗಳಿಗಾಗಿ ದಲಾಲಿ ಅಂಗಡಿಯಲ್ಲಿ ಸಾಲ ಪಡೆದವನು ಬೆಳೆಯನ್ನು ಅದೇ ಅಂಗಡಿಗೆ ತರಬೇಕಾಯಿತು. ಆದಾಯ ಹೆಚ್ಚಿತು, ಅದರೊಂದಿಗೆ ಋಣವೂ ಹೆಚ್ಚಿತು. ಮಳೆಯ ಭಯ ಕಡಿಮೆಯಾಗಿ ಬೆಲೆಯ ಭಯ ಮೊದಲಾಯಿತು.

ಭೂಮಿಯ ಸಂಬಂಧದಲ್ಲಿಯೂ ವಿಲಕ್ಷಣವಾದ ಮಾರ್ಪಾಡು ಕಂಡುಬಂದಿತು. ಸಾಮಾನ್ಯವಾಗಿ ದೊಡ್ಡ ಹಿಡುವಳಿದಾರನ ಭೂಮಿಯನ್ನು ಬಡವನು ಗೇಣಿಗೆ ಮಾಡುವುದು ನಾವು ಕಂಡ ರೀತಿ. ಇಲ್ಲಿ ಎಷ್ಟೋ ಕಡೆ ಎರಡು ಮೂರು ಎಕರೆಯುಳ್ಳ ಸಣ್ಣ ರೈತನು, ಭತ್ತದ ಖರ್ಚನ್ನು ಹೊರಲಾರದೆ, ತನ್ನ ಹೊಲವನ್ನು ಉಳ್ಳವನಿಗೆ ‘ಲಾವಣಿ’ ಕೊಟ್ಟು ಅದೇ ಹೊಲದಲ್ಲಿ ತಾನು ಕೂಲಿಗೆ ನಿಂತನು. 1974ರ ಭೂಸುಧಾರಣೆಯ ತಿದ್ದುಪಡಿಯ ಅನಂತರ ಗೇಣಿ ಪದ್ಧತಿ ಕಾಯಿದೆಯಲ್ಲಿ ನಿಷಿದ್ಧವಾದುದರಿಂದ ಈ ಲಾವಣಿಯೆಲ್ಲ ಬಾಯಿಮಾತಿನಲ್ಲಿಯೇ ನಡೆಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಸಾಗುವಳಿದಾರನಿಗೆ ಬ್ಯಾಂಕಿನ ಬೆಳೆಸಾಲವಾಗಲಿ ಬೆಳೆ ಹಾಳಾದಾಗ ಪರಿಹಾರವಾಗಲಿ ದೊರೆಯುವುದು ದುಸ್ತರ.

ಕೂಲಿಕಾರರಿಗೆ ಮಾತ್ರ ಭತ್ತ ಒಂದು ಆಸರೆಯಾಯಿತೆಂಬುದನ್ನು ಒಪ್ಪಬೇಕು. ನಾಟಿ, ಕಳೆ, ಕೊಯ್ಲುಗಳಿಗೆ ಹೆಚ್ಚು ಕೈಗಳು ಬೇಕಾದವು. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ನಾಟಿ ಮಾಡುವ ರೂಢಿ ಬೆಳೆಯಿತು. ಪಕ್ಕದ ಒಣಬೇಸಾಯದ ತಾಲ್ಲೂಕುಗಳಿಂದಲೂ ಜನ ಹಂಗಾಮಿಗೆ ಇಲ್ಲಿಗೆ ಬಂದರು. ಈಚಿನ ವರ್ಷಗಳಲ್ಲಿ ಕೊಯ್ಲಿನ ಯಂತ್ರ ಬಂದು ಆ ಕೆಲಸದ ಬಹುಭಾಗವನ್ನು ಕಸಿದುಕೊಂಡಿದೆ. ಕಾಲುವೆ ಮುಟ್ಟದ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬೆಂಗಳೂರು, ಮುಂಬಯಿ, ಗೋವೆಗಳಿಗೆ ‘ಗುಳೆ’ ಹೋಗುವುದು ಇನ್ನೂ ನಿಂತಿಲ್ಲ. ಒಂದೇ ಜಿಲ್ಲೆಯೊಳಗೆ ಒಂದೆಡೆ ಟ್ರ್ಯಾಕ್ಟರುಗಳ ಸಾಲು, ಇನ್ನೊಂದೆಡೆ ಬೀಗ ಹಾಕಿದ ಮನೆಗಳ ಸಾಲು ಕಾಣುವುದಾದರೆ ಅಭಿವೃದ್ಧಿಯ ಸರಾಸರಿ ಅಂಕಿಗಳು ನಮಗೆ ಎಷ್ಟನ್ನು ತಿಳಿಸಿಯಾವು?

ಸಾಹಿತ್ಯಾಭ್ಯಾಸಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೂರಿಗೆ, ಎಡೆಕುಂಟೆ, ಅಕ್ಕಡಿ, ಹಗೇವು, ಹಿಂಗಾರಿ ಮುಂತಾದ ಮಾತುಗಳು ಒಂದು ಕೃಷಿಪದ್ಧತಿಯೊಂದಿಗೆ ಹುಟ್ಟಿ ಬೆಳೆದವು. ಆ ಪದ್ಧತಿ ಹಿಂದೆ ಸರಿದಂತೆ ನೀರಾವರಿ ಊರುಗಳ ಕಿರಿಯರ ಬಾಯಿಂದ ಅವೂ ಸರಿಯುತ್ತಿವೆ. ಜನಪದ ಗೀತೆಗಳನ್ನೂ ಗಾದೆಗಳನ್ನೂ ಓದುವ ನಾಳಿನ ವಿದ್ಯಾರ್ಥಿಗೆ ಅರ್ಥಕೋಶವೇ ಗತಿಯಾಗಬಾರದೆಂದರೆ ಈ ಶಬ್ದಸಂಪತ್ತನ್ನು ಬಲ್ಲ ಹಿರಿಯರು ಇರುವಾಗಲೇ ಸಂಗ್ರಹಿಸುವ ಕಾರ್ಯವಾಗಬೇಕು.

ಪಟ್ಟಣಗಳ ಬೆಳವಣಿಗೆ

ಭತ್ತದ ಹಣ ಪಟ್ಟಣಗಳನ್ನು ಬೆಳೆಸಿತು. ನಿಜಾಮರ ಕಾಲದಲ್ಲಿ ಸಾಮಾನ್ಯ ತಾಲ್ಲೂಕು ಕಸಬೆಗಳಾಗಿದ್ದ ಗಂಗಾವತಿ, ಸಿಂಧನೂರುಗಳು ಅಕ್ಕಿ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರು ಮಳಿಗೆ, ಆಸ್ಪತ್ರೆ, ಕಾಲೇಜುಗಳಿಂದ ತುಂಬಿಕೊಂಡವು. 2011ರ ಜನಗಣತಿಯ ವೇಳೆಗೆ ಬಲದಂಡೆಯ ಹೊಸಪೇಟೆಯ ಜನಸಂಖ್ಯೆ 2 ಲಕ್ಷವನ್ನೂ ಗಂಗಾವತಿಯದು 1 ಲಕ್ಷವನ್ನೂ ದಾಟಿದ್ದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಮುನಿರಾಬಾದ್–ಮಹಬೂಬನಗರ ರೈಲುಮಾರ್ಗ 2024ರಲ್ಲಿ ಸಿಂಧನೂರನ್ನು ತಲುಪಿತು. ಅಲ್ಲಿಯವರೆಗೆ ಏಳು ದಶಕಗಳ ಭತ್ತವೆಲ್ಲ ಎತ್ತಿನ ಬಂಡಿ, ಲಾರಿಗಳ ಮೇಲೆಯೇ ಸಾಗಿತ್ತು.

ಆದರೆ ಈ ಪಟ್ಟಣಗಳ ಏಳಿಗೆ ಒಂದೇ ಕಂಬದ ಮೇಲೆ ನಿಂತ ಮನೆಯಂತಿದೆ. ನಾಟಿ ಮಾಡುವ ಕೂಲಿಯವಳಿಂದ ಹಿಡಿದು ಗಿರಣಿಯ ಮಾಲೀಕನವರೆಗೆ, ಬಟ್ಟೆಯಂಗಡಿಯವನಿಂದ ಖಾಸಗಿ ಶಾಲೆಯವರೆಗೆ ಎಲ್ಲರ ಗಳಿಕೆಯೂ ಜಲಾಶಯದ ನೀರಿನ ಮಟ್ಟವನ್ನು ಅವಲಂಬಿಸಿದೆ. ಈ ಅವಲಂಬನೆ ಎಷ್ಟು ಸೂಕ್ಷ್ಮವಾದುದೆಂಬುದು 2024ರ ಆಗಸ್ಟ್ 10ರ ರಾತ್ರಿ ಮನವರಿಕೆಯಾಯಿತು. ತುಂಬಿ ನಿಂತಿದ್ದ ಜಲಾಶಯದ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಆ ದ್ವಾರವನ್ನು ಮುಚ್ಚಿದ ತಂತ್ರಜ್ಞರ ಹಾಗೂ ಕೆಲಸಗಾರರ ಸಾಹಸ ಸ್ಮರಣೀಯವಾದುದು. ಆ ವರ್ಷ ಮಳೆ ಮತ್ತೆ ಸುರಿದು ಜಲಾಶಯ ತುಂಬಿತು. ಆ ಏಳು ದಿನ ಅಚ್ಚುಕಟ್ಟಿನ ಮನೆಗಳಲ್ಲಿ ಇದ್ದ ಆತಂಕವನ್ನು ಮಾತ್ರ ಅಲ್ಲಿಯ ಜನ ಮರೆಯಲಾರರು.

ಬಾಗಿಲಿನ ಅವಘಡ ಕಣ್ಣಿಗೆ ಕಾಣುವಂತಹುದು. ಹೂಳು ಕಾಣದಂತೆ ಕೆಲಸ ಮಾಡುತ್ತದೆ. ಮೇಲಿನ ಜಲಾನಯನ ಪ್ರದೇಶದಿಂದ ಕೊಚ್ಚಿಬರುವ ಮಣ್ಣು ವರ್ಷವರ್ಷವೂ ಜಲಾಶಯದ ತಳವನ್ನು ಸೇರುತ್ತಿದೆ. 2016ರ ಅಳತೆಯಂತೆ ಅದರ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿತ್ತು. ಎಂದರೆ ಐದನೆಯ ಒಂದು ಪಾಲಿನಷ್ಟು ಜಾಗವನ್ನು ಮಣ್ಣು ಆಕ್ರಮಿಸಿಕೊಂಡಿದೆ. ಈ ನಷ್ಟವನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟುವ ಪ್ರಸ್ತಾವ ಬಂದಿದೆ. ಅದು ಕೈಗೂಡಿದರೂ ಬಳಕೆಯ ಕ್ರಮ ಬದಲಾಗದಿದ್ದರೆ ಕೊನೆಯಂಚಿನ ರೈತನ ಸ್ಥಿತಿ ಸುಧಾರಿಸುವುದೆಂದು ಹೇಳುವಂತಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ತುಂಗಭದ್ರೆಯ ನೀರು ಈ ನಾಡನ್ನು ಕ್ಷಾಮದ ದವಡೆಯಿಂದ ಪಾರುಮಾಡಿತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಬಹುಜನರಿಗೆ ಸ್ವಲ್ಪ ಸ್ವಲ್ಪ ಎಂದು ಹೊರಟ ಯೋಜನೆ ಕೆಲವರಿಗೆ ಬಹಳ ಎಂಬಲ್ಲಿಗೆ ಬಂದು ನಿಂತಿದೆ. ಇದನ್ನು ಸರಿಪಡಿಸುವ ದಾರಿಗಳು ಅಜ್ಞಾತವಾದುವೇನೂ ಅಲ್ಲ. ಜೋಳ, ತೊಗರಿ, ಕಡಲೆಗಳಿಗೆ ಭತ್ತಕ್ಕಿರುವಷ್ಟೇ ಭದ್ರವಾದ ಬೆಲೆ ಮತ್ತು ಖರೀದಿಯ ಏರ್ಪಾಡಾಗಬೇಕು. ಬಸಿಗಾಲುವೆಗಳನ್ನು ಕಾಲುವೆಗಳಷ್ಟೇ ಮುಖ್ಯವೆಂದು ಬಗೆಯಬೇಕು. ಲಾವಣಿ ಮಾಡುವವನಿಗೂ ಸಾಲ, ಪರಿಹಾರಗಳು ಸಲ್ಲುವಂತಾಗಬೇಕು. ನೀರು ಬಳಕೆದಾರರ ಸಹಕಾರ ಸಂಘಗಳು ದಾಖಲೆಗಳಲ್ಲಿ ಮಾತ್ರ ಇರದೆ, ಒಂದೇ ಉಪಕಾಲುವೆಯ ಮೇಲ್ಭಾಗದವನನ್ನೂ ಕೆಳಭಾಗದವನನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುವಂತಾಗಬೇಕು.

ಕಾಲುವೆಯ ಮೊದಲ ತೂಬಿನ ಬಳಿ ನಿಂತು ನೋಡಿದರೆ ಈ ಯೋಜನೆ ಸಂಪೂರ್ಣ ಸಫಲವಾದಂತೆ ಕಾಣುತ್ತದೆ. ಅದನ್ನು ಅಳೆಯಬೇಕಾದ ಸ್ಥಳ 227ನೆಯ ಕಿಲೋಮೀಟರಿನ ಬಳಿಯ ಹೊಲ. ಅಲ್ಲಿಯ ರೈತನು ಹಂಗಾಮಿನ ಮೊದಲಲ್ಲಿ ನಿಶ್ಚಿಂತೆಯಿಂದ ಬಿತ್ತಬಲ್ಲನೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ದೊರೆತ ದಿನ, 1945ರಲ್ಲಿ ಇಟ್ಟ ಅಡಿಗಲ್ಲಿನ ಕೆಲಸ ಪೂರ್ತಿಯಾಯಿತೆಂದು ಭಾವಿಸಬಹುದು.